ಸಡಿಲ ಕೈಯ ಗೋಡೆ

ಸ್ಕಿಲೆಟ್ ಕೋವು ಎಂಬ ಕಡಲಕೊಲ್ಲಿಯ ಹಳ್ಳಿಯಲ್ಲಿ ಬಿಸಿಲಿಗೆ ಹೆದರಿ ಮನೆ ಕಟ್ಟಿದವರು ಯಾರೂ ಇಲ್ಲ. ಅಲ್ಲಿ ಹೆದರುವುದೇನಿದ್ದರೂ ಗಾಳಿಗೆ. ನ್ಯೂಫೌಂಡ್‌ಲ್ಯಾಂಡಿನ ಆ ಮೂಲೆಯಲ್ಲಿ ಬಟ್ಟೆ ಒಣಹಾಕುವವಳು ಮೊದಲು ಗಾಳಿಯ ಮುಖ ನೋಡಿ ಆಮೇಲೆ ಹಗ್ಗಕ್ಕೆ ಕೈ ಹಾಕುತ್ತಾಳೆ. ಕಸದ ಡಬ್ಬಿಯ ಮೇಲೆ ಕಲ್ಲು, ಕಲ್ಲಿನ ಮೇಲೆ ಇನ್ನೊಂದು ಕಲ್ಲು. ಹೀಗಿರುವಾಗ ಹೋದ ವರ್ಷ, ಹಾಲ್ ಎಂದು ಕರೆಯುವ ಊರಿನ ಸಭಾಂಗಣದ ಹೊರಗೋಡೆಗೆ ವಿನೈಲ್ ಎಂಬ ಪ್ಲಾಸ್ಟಿಕ್ ಪಟ್ಟಿ ಹೊದಿಸಲು ಹೊರಟ ಹೆಡ್ಲಿ ಫೆಲ್ಥಮ್ ಒಂದೊಂದು ಮೊಳೆಯನ್ನೂ ತಲೆ ಹೂತುಹೋಗುವ ತನಕ ಹೊಡೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೆಡ್ಲಿಗೆ ಅರವತ್ತೊಂಬತ್ತು. ನಲವತ್ತಾರು ವರ್ಷದ ಬಡಗಿ ಕೆಲಸ, ಹತ್ತೊಂಬತ್ತು ದೋಣಿ, ಊರಿನ ಅರ್ಧಕ್ಕರ್ಧ ಮನೆ. ಅವನು ಹೊಡೆದ ಮೊಳೆಯನ್ನು ಕೀಳಬೇಕಾದರೆ ಹಲಗೆಯನ್ನೇ ಸೀಳಬೇಕು ಎಂಬುದು ಅವನಿಗೆ ಊರು ಕೊಟ್ಟ ಬಿರುದು. ಹಾಲಿನ ಸಮಿತಿಯ ಅಧ್ಯಕ್ಷ ಲೆಸ್ಟರ್ ಪೆಲ್ಲಿ, ಏಡಿ ಹಿಡಿಯುವ ದೋಣಿಯವನು, ಏಣಿಯ ಕೆಳಗೆ ನಿಂತು ಜೇಬಿನಲ್ಲಿ ಕೈ ಇಟ್ಟುಕೊಂಡೇ ಉಸ್ತುವಾರಿ ಮಾಡಿದ್ದ.

"ಇನ್ನೊಂದೇಟು ಹಾಕೋ ಹೆಡ್ಲಿ! ಇಲ್ಲಾಂದ್ರೆ ಅಕ್ಟೋಬರಿಗೆ ಇದೆಲ್ಲ ಹಾರ್ಕೊಂಡು ಹೋಗಿ ಕಡಲಾಚೆ ಐರ್ಲೆಂಡಿನೋರ ಪಾಲಾಗತ್ತೆ."

ಹೆಡ್ಲಿ ಇನ್ನೊಂದೇಟು ಹಾಕಿದ. ಪಟ್ಟಿಗಳ ಪೆಟ್ಟಿಗೆಯೊಳಗೆ ಹೇಗೆ ಕೂರಿಸಬೇಕೆಂದು ಬರೆದ ಒಂದು ಹಾಳೆ ಇತ್ತು. ಅದರಲ್ಲಿ ಅವನು ಒಲೆ ಹೊತ್ತಿಸಿದ.

ಚಳಿಗಾಲ ಕಳೆಯಿತು. ಒಂದು ಪಟ್ಟಿಯೂ ಅಲುಗಲಿಲ್ಲ. ಹೆಡ್ಲಿ ಎದೆ ಉಬ್ಬಿಸಿಕೊಂಡು ಹಾಲಿನ ಮುಂದೆ ದಿನಕ್ಕೆರಡು ಬಾರಿ ಹಾದುಹೋದ. ಆಮೇಲೆ ಈ ಜುಲೈ ಬಂತು. ಎಂಟು ದಿನ ಎಂಥ ಬಿಸಿಲೆಂದರೆ, ಊರಿನ ಹಿರಿಯರು ಸ್ವೆಟರ್ ಬಿಚ್ಚಿ ಮೆಟ್ಟಿಲ ಮೇಲೆ ಕೂತು ಒಬ್ಬರನ್ನೊಬ್ಬರು ಪರಿಚಯವಿಲ್ಲದವರ ಹಾಗೆ ನೋಡಿಕೊಂಡರು. ವಿನೈಲ್ ಬಿಸಿಗೆ ಉದ್ದವಾಗುವ ವಸ್ತು. ಉದ್ದವಾಗಲು ಹೋದರೆ ಎಡಕ್ಕೂ ಜಾಗವಿಲ್ಲ, ಬಲಕ್ಕೂ ಜಾಗವಿಲ್ಲ, ಎಲ್ಲ ಕಡೆ ಹೆಡ್ಲಿಯ ಮೊಳೆ. ಬೇರೆ ದಾರಿ ಕಾಣದೆ ಅದು ಹೊರಕ್ಕೆ ಉಬ್ಬಿತು. ಮೂರನೆಯ ದಿನದ ಹೊತ್ತಿಗೆ ಹಾಲಿನ ದಕ್ಷಿಣದ ಗೋಡೆ ಮಡಿಕೆ ಮಡಿಕೆಯಾಗಿ ನಿಂತಿತ್ತು.

"ಡ್ಯಾನ್ಸಿಗೆ ಇನ್ನು ವಾದ್ಯದೋರನ್ನ ಕರೆಸೋ ಖರ್ಚಿಲ್ಲ," ಎಂದ ಲೆಸ್ಟರ್ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ. "ಹೆಡ್ಲಿ ನಮಗೆ ಅಕಾರ್ಡಿಯನ್ ಕಟ್ಟಿಕೊಟ್ಟಿದಾನೆ. ಇಬ್ಬರು ಎರಡು ಕಡೆ ಹಿಡಿದು ಎಳೆದ್ರೆ ಸಾಕು."

ಅಂದಿನಿಂದ ಹಾಲಿಗೆ ಮಡಿಕೆ ತಿದಿಯ ಆ ವಾದ್ಯದ ಹೆಸರೇ ಅಂಟಿತು. "ಅಕಾರ್ಡಿಯನ್ ಬೀಗದ ಕೈ ಯಾರ ಹತ್ರ ಇದೆ?" ಎಂದು ಪಾದ್ರಿಯೂ ಕೇಳಿದರಂತೆ. ಹೆಡ್ಲಿ ಅಂಗಡಿಗೆ ಹೋಗಬೇಕಾದರೆ ಮೀನಿನ ಕೊಟ್ಟಿಗೆಗಳ ಹಿಂದಿನಿಂದ ಸುತ್ತು ಹಾಕತೊಡಗಿದ. ಇನ್ನೊಂದೇಟು ಹಾಕು ಎಂದ ಲೆಸ್ಟರ್ ಮಾತ್ರ ನೆಟ್ಟಗೆ ಹಾಲಿನ ಮುಂದೆಯೇ ಓಡಾಡಿಕೊಂಡಿದ್ದ. ಲೋಕವೇ ಹಾಗೆ, ಏಣಿಯ ಕೆಳಗೆ ನಿಂತವನಿಗೆ ಯಾವ ಕಾಲಕ್ಕೂ ಮಾನ ಹೋಗುವುದಿಲ್ಲ.

ಇದೆಲ್ಲ ಆಗುವ ಹೊತ್ತಿಗೆ ಹೆಡ್ಲಿಯ ಸ್ವಂತ ಕೊಟ್ಟಿಗೆಯಲ್ಲಿ ತಿಳಿಹಳದಿ ಬಣ್ಣದ ವಿನೈಲ್ ಪಟ್ಟಿಗಳ ಇಪ್ಪತ್ತೆರಡು ಪೆಟ್ಟಿಗೆ ಕೂತಿದ್ದವು. ವಸಂತದಲ್ಲಿ, ಅವನ ಎದೆ ಇನ್ನೂ ಉಬ್ಬಿದ್ದ ಕಾಲದಲ್ಲಿ, ಹೆಂಡತಿ ಡಲ್ಸಿ ತರಿಸಿದ್ದಳು. ಮನೆಯ ಮರದ ಹಲಗೆಗಳನ್ನು ಕೆರೆದು ಬಣ್ಣ ಬಳಿಯುವುದು ಅವಳ ಪಾಲಿನ ಕೆಲಸ. ಬೇಸಿಗೆಗೊಂದು ಗೋಡೆ, ನಾಲ್ಕನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಸಿಪ್ಪೆ ಏಳುತ್ತಿತ್ತು. ಮೂವತ್ತೆಂಟು ಬೇಸಿಗೆ ಹೀಗೆ ಮನೆಯ ಸುತ್ತ ಸುತ್ತಿ ಸುತ್ತಿ ಅವಳಿಗೆ ಸಾಕಾಗಿತ್ತು; ವಿನೈಲಿಗೆ ಬಣ್ಣದ ಹಂಗಿಲ್ಲ. ಇನ್ನು ಬೇಸಿಗೆ ಬಂದರೆ ಬೆಟ್ಟಕ್ಕೆ ಹೋಗಿ ಹಣ್ಣು ಕೀಳಬೇಕು, ಮೆಟ್ಟಿಲ ಮೇಲೆ ಕೂತು ಹೆಣೆಯಬೇಕು, ಅಷ್ಟೆ.

ಆಗಸ್ಟಿನ ಒಂದು ಶನಿವಾರ, ಉಪ್ಪುಮಾಂಸ ಹಾಕಿದ ಬಟಾಣಿ ಸಾರಿನ ಮುಂದೆ ಕೂತಿದ್ದಾಗ, ಡಲ್ಸಿ ಚಮಚ ಕೆಳಗಿಟ್ಟು ಹೇಳಿದಳು.

"ಪೇಟೆಯಿಂದ ಕರ್ಟಿಸ್ ಅನ್ನೋನು ಬರ್ತಾನೆ ನಾಳಿದ್ದು. ವಿನೈಲ್ ಹಾಕೋದೇ ಅವನ ಕೆಲಸ."

"ಯಾರನ್ನ ಕೇಳಿ ಕರೆದೆ?"

"ನನ್ನನ್ನೇ ಕೇಳ್ಕೊಂಡೆ. ತಕ್ಷಣ ಒಪ್ಪಿಗೆ ಸಿಕ್ತು."

ಹೆಡ್ಲಿ ಚಮಚವನ್ನು ಸಾರಿನಲ್ಲೇ ಬಿಟ್ಟ. ಈ ಮನೆಯನ್ನು ಅವನು ಮದುವೆಯಾದ ವರ್ಷ ಕಟ್ಟಿದ್ದ. ಕಾಡಿಗೆ ಹೋಗಿ ಮರ ಕಡಿದು, ಹಿಮದ ಮೇಲೆ ಎಳೆದು ತಂದು, ತೊಲೆಯಿಂದ ಕಿಟಕಿಯವರೆಗೆ ತಾನೇ ಮಾಡಿದ್ದ. ಬೇರೊಬ್ಬರ ಸುತ್ತಿಗೆ ಅದರ ಮೇಲೆ ಒಂದು ದಿನವೂ ಬಿದ್ದಿರಲಿಲ್ಲ. ಈಗ ಪೇಟೆಯವನು ಬಂದು ಏಣಿ ಹಾಕಿದರೆ ಇಡೀ ಕೋವು ನೋಡುತ್ತದೆ. ಬಡಗಿ ಹೆಡ್ಲಿಯ ಮನೆಗೆ ಬೇರೆ ಬಡಗಿ! ಅಲ್ಲಿಗೆ ಅವನ ಕತೆ ಮುಗಿದ ಹಾಗೆ. ಇದನ್ನು ಹೆಂಡತಿಗೆ ಹೇಳಬೇಕೆನಿಸಿತು. ಹೇಳಿದ್ದು ಮಾತ್ರ ಇಷ್ಟು:

"ಉಪ್ಪು ಜಾಸ್ತಿ ಆಗಿದೆ."

ಕರ್ಟಿಸ್ ಬಂದ. ಜಂಬದವನಾಗಿದ್ದರೆ ಹೆಡ್ಲಿಗೆ ಅನುಕೂಲವಾಗುತ್ತಿತ್ತು. ಆದರೆ ಅವನು ಬಲು ಮರ್ಯಾದಸ್ಥ. ಮನೆಯ ಸುತ್ತ ನಡೆದು, ಹಳೆಯ ಹಲಗೆಗಳ ಮೇಲೆ ಕೈಯಾಡಿಸಿ, ಇವನ್ನು ಕೀಳುವುದು ಬೇಡ, ಮೇಲೆ ತೆಳು ಪಟ್ಟಿಮರ ಬಡಿದು ಅದಕ್ಕೆ ವಿನೈಲ್ ಕೂರಿಸಬಹುದು, ಇಷ್ಟು ನೇರವಾದ ಗೋಡೆ ಈ ಕಡೆ ಎಲ್ಲೂ ನೋಡಿಲ್ಲ ಎಂದ. ಡಲ್ಸಿ ಬೇಕೆಂದೇ ಹಾಲಿನ ಮಾತು ತೆಗೆದಳು.

"ದಾರೀಲಿ ನೋಡ್ದೆ," ಎಂದ ಕರ್ಟಿಸ್, ಹೆಡ್ಲಿಯ ಕಡೆ ತಿರುಗಿ, ಆ ಕಡೆ ಹಿರಿಯರನ್ನು ಕರೆಯುವಂತೆ ಸ್ಕಿಪ್ಪರ್ ಎಂದೇ ಕರೆದು. "ಗೆರೆ ಒಂದೂ ಸೊಟ್ಟ ಇಲ್ಲ. ಕೆಲಸ ಬಲ್ಲೋರದೇ. ಆದ್ರೆ ಇದನ್ನ ಬಡೀಬಾರ್ದು ಸ್ಕಿಪ್ಪರ್, ತೂಗುಹಾಕ್ಬೇಕು."

ಅವನು ಒಂದು ಪಟ್ಟಿ ತೆಗೆದು ಅದರ ಮೇಲಂಚಿನ ಸೀಳುಗಳನ್ನು ತೋರಿಸಿದ. ಮೊಳೆ ಸೀಳಿನ ನಟ್ಟನಡುವೆ ಬರಬೇಕು. ಮೊಳೆಯ ತಲೆಗೂ ಪಟ್ಟಿಗೂ ನಡುವೆ ಹತ್ತು ಸೆಂಟಿನ ನಾಣ್ಯ ತೂರುವಷ್ಟು ಸಂದಿರಬೇಕು. ಪಟ್ಟಿಯ ಕೆಳಗಿನ ಅಂಚು ಕೆಳಗಿನ ಪಟ್ಟಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವುದರಿಂದ ಗಾಳಿ ಒಳಗೆ ಬೆರಳು ತೂರಿಸಲಾರದು.

"ಕೊನೇಗೆ ಅಂಗೈ ಇಟ್ಟು ಪಕ್ಕಕ್ಕೆ ತಳ್ಳಿ. ಪಟ್ಟಿ ಒಂಚೂರು ಜರುಗ್ಬೇಕು. ಜರುಗಲಿಲ್ವಾ, ಕಿತ್ತು ಮತ್ತೆ ಹಾಕಿ."

"ಈ ಗಾಳೀಲಿ ಸಡಿಲ ಬಿಡೋದಾ?" ಎಂದ ಹೆಡ್ಲಿ.

"ಈ ಗಾಳೀಲೇ," ಎಂದ ಕರ್ಟಿಸ್. ಸೆಪ್ಟೆಂಬರ್ ಹದಿನೈದಕ್ಕೆ ಬಿಡುವಿದೆ, ಬರುತ್ತೇನೆ ಎಂದು ಹೇಳಿ, ಟೀ ಕುಡಿದು, ಗಾಡಿ ಹತ್ತಿದ.

ಗಾಡಿ ತಿರುವು ದಾಟಿತು. ಹೆಡ್ಲಿಯ ಮುಖ ಎಷ್ಟು ಸಪ್ಪಗಾಗಿತ್ತೆಂದರೆ ಡಲ್ಸಿಗೆ ಪಾಪ ಎನಿಸಿತು. ಆದರೂ ಅವಳು ಮಣಿಯುವ ಹೆಂಗಸಲ್ಲ.

"ಹದಿನೈದರವರೆಗೆ ಟೈಮಿದೆ," ಎಂದಳು. "ಹಿಂದಿನ ಗೋಡೆ ನೀನು ಮಾಡು. ಅಂಗೈ ಇಟ್ಟು ತಳ್ಳೋದು ನಾನು. ಜರುಗಿದ್ರೆ ಇಡೀ ಮನೆ ನಿಂದು. ಜರುಗದಿದ್ರೆ ಕರ್ಟಿಸ್‌ದು. ಕೋಪ ಮಾಡ್ಕೋಬಾರ್ದು."

"ನಾನ್ಯಾಕೆ ಕೋಪ ಮಾಡ್ಕೊಳ್ಲಿ?" ಎಂದು ಹೆಡ್ಲಿ ಕೋಪದಿಂದಲೇ ಕೇಳಿದ.

ಮರುದಿನ ಬೆಳಗ್ಗೆ ಅವನು ದೋಣಿಕಟ್ಟೆಯ ಬಳಿ ತನ್ನ ದೋಣಿ ನೋಡಲು ಹೋದ. ಕಡಲಿನ ಇಳಿತದ ಹೊತ್ತು, ನೀರು ಇಳಿದಿತ್ತು. ಕಟ್ಟೆಯ ಗೂಟದಿಂದ ಸಡಿಲವಾಗಿ ಇಳಿಬಿದ್ದ ಹಗ್ಗದ ತುದಿಯಲ್ಲಿ ದೋಣಿ ಕೆಳಗೆ ಎಲ್ಲೋ ಆರಾಮವಾಗಿ ತೇಲುತ್ತಿತ್ತು. ನೀರೇರಿದಾಗ ಹಗ್ಗವನ್ನು ಬಿಗಿಯಾಗಿ ಕಟ್ಟಿ ಹೋದರೆ ಇಳಿದಾಗ ದೋಣಿ ನೇತಾಡುತ್ತದೆ. ಇದು ಕೋವಿನಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಹೆಡ್ಲಿ ಹಗ್ಗವನ್ನೇ ನೋಡುತ್ತ ನಿಂತ. ಇಷ್ಟೇನಾ, ಎಂದುಕೊಂಡ. ಇಷ್ಟು ತಿಳಿಯದೆ ಹಾಲಿನ ನಾಲ್ಕೂ ಗೋಡೆ ಬಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡು, ಬೈದುಕೊಂಡದ್ದರಿಂದ ಹಗುರಾಗಿ, ಶಿಳ್ಳೆ ಹಾಕುತ್ತ ಮನೆಗೆ ಬಂದ.

ಪಟ್ಟಿಮರ ಬಡಿಯುವುದಕ್ಕೆ ಒಂದು ವಾರ ಹಿಡಿಯಿತು. ಅದು ಮರಕ್ಕೆ ಮರ. ಎಷ್ಟು ಬಿಗಿ ಹೊಡೆದರೂ ತಕರಾರಿಲ್ಲ. ಕೆಳಗಿನ ಮೊದಲ ಸಾಲನ್ನು ಮಟ್ಟಗೋಲು ಇಟ್ಟು ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಕೂರಿಸಿದ. ಮೂಲೆಗಳಿಗೆ ಕಂಬ, ಅಡಿಗೆಮನೆಯ ಕಿಟಕಿಯ ಸುತ್ತ, ಪಟ್ಟಿಗಳ ತುದಿ ಒಳಗೆ ಕೂರುವ ಕಾಲುವೆಪಟ್ಟಿ. ಈ ಸಲ ಪೆಟ್ಟಿಗೆಯ ಹಾಳೆಯನ್ನು ಒಲೆಗೆ ಹಾಕದೆ ಕನ್ನಡಕ ಏರಿಸಿ ಓದಿದ. ಎರಡು ಪಟ್ಟಿ ಒಂದರ ಮೇಲೊಂದು ಬರುವ ಕಡೆ ಅದರ ಗೆರೆ ಮುಂಬಾಗಿಲಿನಿಂದ ಬರುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ ಎಂದು ಬರೆದಿತ್ತು.

"ಮುಂಬಾಗಿಲಿಂದ ಯಾರು ಬರ್ತಾರೆ?" ಎಂದಳು ಡಲ್ಸಿ. "ಅದಕ್ಕೆ ಮೆಟ್ಟಿಲೇ ಕಟ್ಟಿಲ್ಲ ನೀನು. ಮೂವತ್ತೆಂಟು ವರ್ಷದಿಂದ ನೆಲದಿಂದ ಐದಡಿ ಮೇಲೆ ಬಾಗಿಲು ಇದೆ. ಹಕ್ಕಿ ಬರ್ಬೇಕು ಅಷ್ಟೆ."

"ನಿಮ್ಮಮ್ಮ ಬಂದಾಗ ಇರ್ಲಿ ಅಂತ ಇಟ್ಟಿದ್ದೆ."

"ಹೌದೌದು. ಅವಳು ಹಿಂದಿನ ಬಾಗಿಲಿಂದ್ಲೇ ಬಂದು ಸಾಯೋವರೆಗೂ ನಿನ್ನ ಕೈಲಿ ಟೀ ಮಾಡಿಸ್ಕೊಂಡ್ಳಲ್ಲ."

ಹಿಂಬಾಗಿಲಿನಿಂದ, ಅಂದರೆ ಊರೆಲ್ಲ ಬರುವ ಅಡಿಗೆಮನೆಯ ಬಾಗಿಲಿನಿಂದ ನೋಡಿದರೆ ಗೆರೆ ಕಾಣದಂತೆ ಹಾಕುವುದೆಂದು ತೀರ್ಮಾನವಾಯಿತು. ಇಲ್ಲಿಯ ತನಕ ಎಲ್ಲ ಸುಸೂತ್ರ.

ಸೆಪ್ಟೆಂಬರ್ ಎರಡರಂದು ಹೆಡ್ಲಿ ಮೊದಲ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ, ಮೊಳೆಯನ್ನು ಸೀಳಿನ ನಡುವೆ ಹಿಡಿದು ಸುತ್ತಿಗೆ ಎತ್ತಿದ. ಠಕ್, ಠಕ್. ಇಲ್ಲಿಗೆ ನಿಲ್ಲಿಸಬೇಕು ಎಂದು ತಲೆ ಹೇಳಿತು. ಕೈ ಇನ್ನೊಂದೇಟು ಹಾಕಿಯೇಬಿಟ್ಟಿತು. ಎಂಟು ಮೊಳೆಗೂ ಅದೇ ಆಯಿತು. ಡಲ್ಸಿ ಹಿಂಬಾಗಿಲ ಮೆಟ್ಟಿಲಿನಿಂದ ಎದ್ದು ಬಂದು ಅಂಗೈ ಇಟ್ಟು ತಳ್ಳಿದಳು. ಪಟ್ಟಿ ಬಂಡೆಯ ಹಾಗೆ ನಿಂತಿತ್ತು. ಅವಳು ವಾಪಸ್ಸು ಹೋಗಿ ಕೂತಳು. ಹೆಡ್ಲಿ ಎಂಟನ್ನೂ ಕಿತ್ತ, ಮತ್ತೆ ಹೊಡೆದ. ಅದೇ ಕತೆ.

ನಾಣ್ಯ ತಾ ಎಂದ. ಡಲ್ಸಿ ಪರ್ಸಿನಿಂದ ಹತ್ತು ಸೆಂಟಿನ ನಾಣ್ಯ ತಂದುಕೊಟ್ಟಳು. ಅದನ್ನು ಮೊಳೆಯ ತಲೆಯಡಿ ಇಟ್ಟು ಹೊಡೆದ. ಠಕ್, ಠಕ್, ಮತ್ತೆ ಆ ಹಾಳು ಮೂರನೆಯ ಏಟು. ಮೊಳೆ ನಾಣ್ಯವನ್ನೂ ಕಚ್ಚಿ ಹಿಡಿಯಿತು. ಎಳೆದರೆ ಬರಲಿಲ್ಲ, ಇಕ್ಕಳ ಹಾಕಿದರೂ ಬರಲಿಲ್ಲ. ನಾಣ್ಯದ ಮೇಲಿನ ಹಾಯಿಹಡಗು ಅರ್ಧ ಮೊಳೆಯ ತಲೆಯಡಿ, ಅರ್ಧ ಹೊರಗೆ, ಬಂಡೆಗೆ ಸಿಕ್ಕಿಕೊಂಡಂತೆ ನಿಂತುಬಿಟ್ಟಿತು.

ಹೆಡ್ಲಿ ಸುತ್ತಿಗೆ ಕೆಳಗಿಟ್ಟು, ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡಿದ. ನಲವತ್ತಾರು ವರ್ಷ ಅದು ಅವನು ಹೇಳಿದ್ದನ್ನೆಲ್ಲ ಮಾಡಿತ್ತು. ಈಗ ಒಂದೇ ಒಂದು ಏಟು ಕಡಿಮೆ ಮಾಡು ಎಂದರೆ ಕೇಳಲೊಲ್ಲದು. ಹೊಸದನ್ನು ಕಲಿಯುವುದು ಅಷ್ಟು ಕಷ್ಟವಲ್ಲ. ಬಂದದ್ದನ್ನು ಬಿಡುವುದು ಮಹಾ ಕಷ್ಟ. ಅವನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದುಕೊಳ್ಳಬಹುದಿತ್ತು, ಆದರೆ ಅವತ್ತು ನೋಡಿ, ಆ ದರಿದ್ರ ಗಾಳಿಯೂ ಇರಲಿಲ್ಲ.

ಡಲ್ಸಿ ಮೆಟ್ಟಿಲ ಮೇಲೆ ಮೊಮ್ಮಗಳಿಗೆ ಕೈಗವಸು ಹೆಣೆಯುತ್ತಿದ್ದಳು. ಅವಳ ಹೆಣಿಗೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಊರಿನ ಹೆಂಗಸರೆಲ್ಲ ಬಿಗಿಯಾಗಿ ಹೆಣೆದರೆ ಡಲ್ಸಿಯ ಕೈ ಮೊದಲಿನಿಂದ ಸಡಿಲ. ಅತ್ತೆ ಇದ್ದಷ್ಟು ದಿನ ಅವಳಿಗೆ ಅದೇ ಪಾಠ: ಎಳೆಯೇ, ನೂಲು ಎಳೆ. ಅವಳು ಎಳೆಯಲಿಲ್ಲ, ಅಥವಾ ಎಳೆದರೂ ಕೈ ತನ್ನ ಪಾಡಿಗೆ ಬಿಟ್ಟುಕೊಡುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಹಾಲಿನಲ್ಲಿ ಕ್ರಿಸ್ಮಸ್ ಕೂಟ ನಡೆದಾಗ, ಎರಡು ಗ್ಲಾಸ್ ರಮ್ ಏರಿಸಿದ್ದ ಹೆಡ್ಲಿ ಅವಳು ಹೆಣೆದುಕೊಟ್ಟ ಕಾಲುಚೀಲವನ್ನು ಬೂಟಿನಿಂದ ಎಳೆದು ತೆಗೆದು ದೀಪಕ್ಕೆ ಹಿಡಿದಿದ್ದ. "ನೋಡ್ರಪ್ಪಾ, ಡಲ್ಸಿ ಹೆಣೆದ ಕಾಲುಚೀಲದೊಳಗಿಂದ ಬಂದರು ಪೂರ್ತಿ ಕಾಣತ್ತೆ! ಯಾವ ದೋಣಿ ಬಂತು ಅಂತ ನೋಡೋಕೆ ಹೊರಗೆ ಹೋಗೋದೇ ಬೇಡ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಲ್ಸಿಯೂ ನಕ್ಕಳು. ಆಮೇಲೆ ಅವನಿಗೆಂದು ಅವಳು ಒಂದು ಜೊತೆ ಕಾಲುಚೀಲವನ್ನೂ ಹೆಣೆಯಲಿಲ್ಲ. ಜಗಳವಿಲ್ಲ, ಮಾತಿಲ್ಲ, ಹೆಣೆಯಲಿಲ್ಲ ಅಷ್ಟೆ. ಹೆಡ್ಲಿಗೆ ಅದು ಗೊತ್ತಾದದ್ದು ಎರಡನೆಯ ಚಳಿಗಾಲದಲ್ಲಿ, ಹಳೆಯವೆಲ್ಲ ತೂತು ಬಿದ್ದಾಗ. ನಾಚಿಕೆಯಾಯಿತು. ಕೇಳುವುದಕ್ಕೆ ಬಾಯಿ ಬರಲಿಲ್ಲ. ಅಂಗಡಿಯ ಕಾಲುಚೀಲ ಕೊಂಡು ತಂದ. ಅಂದಿನಿಂದ ಅದನ್ನೇ ಹಾಕಿಕೊಳ್ಳುತ್ತಿದ್ದ.

ಡಲ್ಸಿ ಹೆಣಿಗೆ ಬದಿಗಿಟ್ಟು ಎದ್ದು ಬಂದಳು.

"ಕೊಡಿಲ್ಲಿ ಸುತ್ತಿಗೆ."

"ಯಾಕೆ?"

"ಮುರಬ್ಬ ತಿರುಗಿಸೋಕೆ. ಕೊಡು ಅಂದ್ರೆ."

ಅವಳು ಹೊಸ ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮೊಳೆ ಹೊಡೆದಳು. ಅವಳ ಏಟು ಹೆಡ್ಲಿಯ ಏಟಿನಂತಲ್ಲ. ಸುತ್ತಿಗೆ ಮೊಳೆಯನ್ನು ಮುಟ್ಟಿ, ಸಾಕೇ ಎಂದು ಕೇಳಿ, ಸಾಕೆಂದಾಗ ನಿಲ್ಲುತ್ತಿತ್ತು. ಎಂಟು ಮೊಳೆಯಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ತಳ್ಳು," ಎಂದಳು.

ಹೆಡ್ಲಿ ಅಂಗೈ ಇಟ್ಟು ತಳ್ಳಿದ. ಪಟ್ಟಿ ಎಡಕ್ಕೆ ಒಂಚೂರು ಹೋಯಿತು. ಬಲಕ್ಕೆ ತಳ್ಳಿದ, ಬಲಕ್ಕೆ ಬಂತು. ಹೊರಕ್ಕೆ ಎಳೆದು ನೋಡಿದ, ಬಿಡಲಿಲ್ಲ.

"ಸಡಿಲ," ಎಂದ. ಬಾಯಿಂದ ಬಂದದ್ದೇ ತಡ, ನಾಲಿಗೆ ಕಚ್ಚಿಕೊಂಡ.

"ಹೌದು, ಸಡಿಲ," ಎಂದಳು ಡಲ್ಸಿ. ಸುತ್ತಿಗೆ ಅವಳ ಕೈಯಲ್ಲೇ ಇತ್ತು. "ನೋಡಿ ಹೇಳು. ಬಂದರು ಕಾಣುತ್ತಾ?"

ಹೆಡ್ಲಿ ಗೋಡೆ ನೋಡಿದ, ನೆಲ ನೋಡಿದ, ತನ್ನ ಬೂಟಿನ ಮೇಲೆ ಇಣುಕುತ್ತಿದ್ದ ಅಂಗಡಿಯ ಕಾಲುಚೀಲ ನೋಡಿದ.

"ಮರ್ತಿಲ್ವಾ ನೀನು?"

"ಮರೆಯೋ ಹಾಗಿತ್ತಾ ಅದು?"

"ಕುಡಿದಿದ್ದೆ ಕಣೇ."

"ಕುಡಿದಿದ್ದು ಗಂಟಲು. ಆಡಿದ್ದು ನೀನು."

ಹೆಡ್ಲಿ ಇನ್ನೊಂದು ಪಟ್ಟಿ ತಂದು, ಅಳತೆ ಹಿಡಿದು, ಎರಡು ತುದಿಯಲ್ಲೂ ಕಾಲಂಗುಲ ಬಿಟ್ಟು ಕತ್ತರಿಸಿ ಅವಳ ಮುಂದೆ ಹಿಡಿದ. ಆದರೆ ಕೈ ಬಿಡಲಿಲ್ಲ.

"ಊರೋರು ಏನಂತಾರೆ? ಹೆಡ್ಲಿ ಮನೆಗೆ ಹೆಂಡತಿ ಮೊಳೆ ಹೊಡೆದ್ಳು ಅಂತಾರೆ."

"ಈಗ ಅಕಾರ್ಡಿಯನ್ ಅಂತಿದಾರೆ. ಅದಕ್ಕಿಂತ ಕೆಳಗೆ ಇನ್ನೇನಿದೆ? ಬಿಡು, ಪಟ್ಟಿ ಬಿಡು. ಮೂವತ್ತೆಂಟು ಬೇಸಿಗೆ ಈ ಗೋಡೆ ಕೆರೆದಿದೀನಿ. ನಿನಗಿಂತ ನನಗೇ ಇದರ ಪರಿಚಯ ಜಾಸ್ತಿ."

ಹೆಡ್ಲಿ ಪಟ್ಟಿ ಬಿಟ್ಟ.

ಅಲ್ಲಿಂದ ಕೆಲಸ ತಾನಾಗಿಯೇ ಹಂಚಿಹೋಯಿತು. ಅಳೆಯುವುದು, ಕತ್ತರಿಸುವುದು, ಕಿಟಕಿಯ ಸುತ್ತ ತಿದ್ದುವುದು ಅವನದು. ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಡೆಯುವುದು ಅವಳದು. ತಳ್ಳಿ ನೋಡುವುದೂ ಅವನದೇ ಆಯಿತು, ಹೊಡೆದವಳೇ ಪರೀಕ್ಷೆ ಮಾಡಿಕೊಂಡರೆ ನ್ಯಾಯವಲ್ಲ ಎಂದು. ಹನ್ನೊಂದು ಗಂಟೆಗೆ ಟೀ, ಕರಿದ ಹಿಟ್ಟಿನ ಬಿಲ್ಲೆ, ಮೇಲೆ ಕಾಕಂಬಿ. ನಾಣ್ಯ ಕಚ್ಚಿದ ಮೊಳೆಯನ್ನು ಕೀಳಲು ಹೋದರೆ ಡಲ್ಸಿ ಬಿಡಲಿಲ್ಲ. ಇರಲಿ, ಮುಂದಿನ ಸಾಲಿನ ಕೆಳಗೆ ಮುಚ್ಚಿಹೋಗುತ್ತದೆ, ಮನೆಗೊಂದು ಗುರುತಿರಲಿ ಎಂದು, ಆ ಪಟ್ಟಿಯ ಉಳಿದ ಮೊಳೆಗಳನ್ನಷ್ಟೆ ಸಡಿಲಿಸಿದಳು. ಅದೊಂದು ಮೊಳೆಯಿಂದ ಗೋಡೆಗೇನೂ ಆಗದೆಂದು ಹಾಳೆ ಓದಿ ಖಾತ್ರಿ ಮಾಡಿಕೊಂಡ ಮೇಲೆ ಹೆಡ್ಲಿಯೂ ಒಪ್ಪಿದ.

ಐದನೆಯ ದಿನ ಹಿಂದಿನ ಗೋಡೆ ಮುಗಿಯಿತು. ಅದರ ಮಾರನೆಯ ದಿನ ಸಂಜೆ ಈಶಾನ್ಯದ ಗಾಳಿ ಎದ್ದಿತು. ಹೆಡ್ಲಿ ಅಡಿಗೆಮನೆಯಲ್ಲಿ ಊಟ ಬಿಟ್ಟು ಗೋಡೆಗೆ ಕಿವಿಯಿಟ್ಟು ಕೂತ. ಹೊರಗೆ ಪಟ್ಟಿಗಳು ಸಣ್ಣಗೆ ಟಕಟಕ ಎನ್ನುತ್ತಿದ್ದವು. ಪ್ರತಿ ಟಕ್ ಎಂದಾಗಲೂ ಅವನು ಡಲ್ಸಿಯ ಕಡೆ ತಿರುಗುತ್ತಿದ್ದ.

"ಹೋಯ್ತು ಒಂದು."

"ಹೋಗಿಲ್ಲ. ಆಲೂಗಡ್ಡೆ ತಿನ್ನು."

"ಇದು ಹೋಯ್ತು ನೋಡು."

"ಹೆಡ್ಲಿ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ದಿದ್ರೆ ಹೊರಗೆ ಹೋಗಿ ಗೋಡೆ ಹಿಡ್ಕೊಂಡು ನಿಂತ್ಕೋ."

ಬೆಳಗ್ಗೆ ಎದ್ದು ಓಡಿದ. ಲೆಸ್ಟರನ ಕೊಟ್ಟಿಗೆಯ ತಗಡು ರಸ್ತೆಯಲ್ಲಿ ಬಿದ್ದಿತ್ತು. ಕಸದ ಡಬ್ಬಿ ಕಲ್ಲುಗಳ ಸಮೇತ ಹಳ್ಳದಲ್ಲಿತ್ತು. ಹಿಂದಿನ ಗೋಡೆಯ ಒಂದು ಪಟ್ಟಿಯೂ ಕದಲಿರಲಿಲ್ಲ. ಹೆಡ್ಲಿ ಮೇಲಿಂದ ಕೆಳಗಿನವರೆಗೆ ಒಂದೊಂದನ್ನೂ ತಳ್ಳಿದ. ನಾಣ್ಯ ಕಚ್ಚಿದ್ದೊಂದು ಬಿಟ್ಟು ಎಲ್ಲವೂ ಅಷ್ಟಿಷ್ಟು ಜರುಗಿ ತಮ್ಮ ಜಾಗಕ್ಕೆ ಬಂದವು. ಈ ಮನೆಯ ಮೇಲೆ ತನ್ನದಲ್ಲದ ಸುತ್ತಿಗೆ ಬಿದ್ದಿದೆ ಎಂದು ಆಗ ನೆನಪಾಯಿತು. ನೋವಾಗುತ್ತದೇನೋ ಎಂದು ಕಾದ. ಆಗಲಿಲ್ಲ. ಮನೆ ಇಬ್ಬರದೂ ಆಗಿ ಮೂವತ್ತೆಂಟು ವರ್ಷವಾಗಿತ್ತು. ತನಗೆ ಗೊತ್ತಾಗುವುದಷ್ಟೆ ತಡವಾಯಿತು ಎಂದುಕೊಂಡ. ಒಳಗೆ ಬಂದು ತಾನೇ ಫೋನ್ ತೆಗೆದುಕೊಂಡ.

"ಕರ್ಟಿಸ್, ಹದಿನೈದಕ್ಕೆ ಬರೋದು ಬೇಡ. ನಮಗೆ ಇಲ್ಲೇ ಒಬ್ರು ಸಿಕ್ಕಿದಾರೆ."

"ಯಾರು ಸ್ಕಿಪ್ಪರ್? ನನಗೆ ಗೊತ್ತಿರೋರಾ?"

"ಟೀ ಕೊಟ್ಟಿದ್ರಲ್ಲ, ಅವರೇ," ಎಂದ ಹೆಡ್ಲಿ.

ತಿಂಗಳ ಕೊನೆಗೆ ಮನೆ ಪೂರ್ತಿ ತಿಳಿಹಳದಿಯಾಯಿತು. ಅದೇ ವಾರ, ಚಳಿ ಹಿಡಿಯುವ ಮುಂಚೆ ಕೊನೆಯ ಬಾರಿಗೆ ಎಂಬಂತೆ, ಎರಡು ದಿನ ಸುಡುಬಿಸಿಲು ಬಿತ್ತು. ಹಾಲಿನ ದಕ್ಷಿಣದ ಗೋಡೆ ಮತ್ತೆ ಉಸಿರೆಳೆದುಕೊಂಡು ಉಬ್ಬಿತು. ಹೆಡ್ಲಿಯ ಮನೆಯ ಗೋಡೆ ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿತ್ತು. ಕೋವಿನ ಜನ ಏನಾದರೊಂದು ನೆಪ ಮಾಡಿಕೊಂಡು ಬಂದು, ಹಿಂಬಾಗಿಲಲ್ಲಿ ನಿಂತು, ಯಾರೂ ನೋಡದಾಗ ಗೋಡೆಗೆ ಅಂಗೈ ಇಟ್ಟು ತಳ್ಳಿ ಹೋದರು.

ಮೂರನೆಯ ದಿನ ಲೆಸ್ಟರ್ ಬಂದ. ಟೋಪಿ ಕೈಯಲ್ಲಿತ್ತು; ಅಂದರೆ ಏನೋ ಬೇಕಾಗಿದೆ ಎಂದೇ ಅರ್ಥ.

"ಹಾಲಿನ ಗೋಡೆ ವಿಷಯ ಮಾತಾಡ್ಬೇಕಿತ್ತು," ಎಂದ.

ಹೆಡ್ಲಿ ಎದ್ದು ನಿಂತ. ಎರಡು ತಿಂಗಳಿನಿಂದ ಕಾಯುತ್ತಿದ್ದ ಮಾತು. "ಬರ್ತೀನಿ. ನಾಳೆಯಿಂದ್ಲೇ ಶುರು ಮಾಡೋಣ."

"ನಿನ್ನನ್ನಲ್ಲಪ್ಪ," ಎಂದ ಲೆಸ್ಟರ್. "ಡಲ್ಸಿ ಇದಾಳಾ?"

ಅಡಿಗೆಮನೆಯಲ್ಲಿ ಡಲ್ಸಿಯ ಕೈಯಿಂದ ಬಟ್ಟಲು ಜಾರಿತು, ಒಡೆಯಲಿಲ್ಲ. ಹೆಡ್ಲಿಯ ಮುಖ ಒಂದು ಕ್ಷಣ ಕೆಂಪಾಯಿತು. ಆಮೇಲೆ ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕ.

"ಇದಾಳೆ," ಎಂದ. "ಆದ್ರೆ ಅವಳ ಹತ್ರ ಕೆಲಸಕ್ಕೆ ಒಬ್ಬ ಆಳಿದಾನೆ. ಅಳೆಯೋದು ಕತ್ತರಿಸೋದು ಅವನೇ. ಅವನನ್ನ ಬಿಟ್ಟು ಬರಲ್ಲ ಅವಳು. ಕೇಳಿ ನೋಡು ಬೇಕಾದ್ರೆ."

"ಯೋಚನೆ ಮಾಡ್ಬೇಕು," ಎಂದಳು ಡಲ್ಸಿ ಒಳಗಿನಿಂದ. "ಆಳು ಸ್ವಲ್ಪ ಬಾಯಿಬಡಕ."

ಅಕ್ಟೋಬರಿನ ಮೊದಲ ವಾರ ಅವರು ಹಾಲಿಗೆ ಹೋದರು. ಮೊದಲು ಹಳೆಯ ಮೊಳೆಗಳನ್ನೆಲ್ಲ ಕೀಳಬೇಕಿತ್ತು. ಅವು ಹೆಡ್ಲಿಯ ಮೊಳೆಗಳು; ಸುಲಭಕ್ಕೆ ಬರುವಂಥವಲ್ಲ. ಕಬ್ಬಿಣದ ಸನ್ನೆ ಹಾಕಿ ಒಂದೊಂದನ್ನೂ ಎಳೆಯುವಾಗ ಅವನು ಅದನ್ನು ಹೊಡೆದವನಿಗೆ ಕೇಳಬಾರದ ಮಾತುಗಳನ್ನು ಆಡಿದ. ಕೆಳಗೆ ಹತ್ತು ಹನ್ನೆರಡು ಜನ ಜೇಬಿನಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದರು. ಡಲ್ಸಿ ಏಣಿಯೇರಿದಾಗ ಲೆಸ್ಟರ್ ಅಭ್ಯಾಸಬಲದಿಂದ ಬಾಯಿ ತೆರೆದ.

"ಇನ್ನೊಂದೇಟು..."

"ಲೆಸ್ಟರ್," ಎಂದಳು ಡಲ್ಸಿ, ತಿರುಗಿ ಕೂಡ ನೋಡದೆ.

ಲೆಸ್ಟರ್ ಬಾಯಿ ಮುಚ್ಚಿದ.

ಮಧ್ಯಾಹ್ನ ಎಲ್ಲರೂ ಹಾಲಿನ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಾಗ ಹೆಡ್ಲಿ ಮಗ್ಗನ್ನು ಬದಿಗಿಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಕಾಲುಚೀಲ ದೀಪಕ್ಕೆ ಹಿಡಿದಾಗ ಇದ್ದವರಲ್ಲಿ ಅರ್ಧದಷ್ಟು ಜನ ಈಗಲೂ ಅಲ್ಲಿದ್ದರು. ಅವರೆಲ್ಲರ ಎದುರಿಗೇ ಆಡಬೇಕೆಂದು ಅವನು ಬೆಳಗ್ಗೆಯೇ ನಿಶ್ಚಯಿಸಿಕೊಂಡಿದ್ದ.

"ಡಲ್ಸಿ, ಚಳಿ ಶುರುವಾಯ್ತು. ನನಗೊಂದು ಜೊತೆ ಕಾಲುಚೀಲ ಹೆಣೆದುಕೊಡ್ತೀಯಾ?"

ಡಲ್ಸಿ ತನ್ನ ಮಗ್ಗಿನೊಳಗೆ ನೋಡಿದಳು.

"ನನ್ನ ಕೈ ಸಡಿಲ," ಎಂದಳು ಕೊನೆಗೆ.

"ಗೊತ್ತು. ಅದಕ್ಕೇ ಕೇಳ್ತಿದೀನಿ. ಆವತ್ತು ಆಡಿದ್ದು ತಪ್ಪಾಯ್ತು."

ಡಲ್ಸಿ ಮಗ್ಗನ್ನು ಮೆಟ್ಟಿಲ ಮೇಲಿಟ್ಟು, ಅವನ ಕಾಲ ಬಳಿ ಕೂತು, ಬೂಟಿನ ದಾರ ಬಿಚ್ಚಿದಳು. ಊರೆಲ್ಲ ನೋಡುತ್ತಿರುವಾಗಲೇ ಅಂಗಡಿಯ ಕಾಲುಚೀಲ ಕಿತ್ತು ಎಸೆದು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ತನ್ನ ಗೇಣಿನಿಂದ ಅಳತೆ ತೆಗೆದುಕೊಂಡಳು. ಅವಳ ಕೈ ತಣ್ಣಗಿತ್ತು.

"ಮೊದಲಿಗಿಂತ ಅರ್ಧ ಇಂಚು ದೊಡ್ಡದಾಗಿದೆ ಕಾಲು," ಎಂದಳು. "ಏಳು, ಬೂಟು ಹಾಕ್ಕೋ. ಪಶ್ಚಿಮದ ಗೋಡೆ ಇನ್ನೂ ಬಾಕಿ ಇದೆ."